ಪುಣೆಯ 1897ರ ದಾಖಲೆ ಇನ್ನೂ ಮುರಿದಿಲ್ಲ. ಹಾಗಾದರೆ ಹವಾಗುಣ ಬದಲಾಗಿದೆ ಎನ್ನುವುದು ಹೇಗೆ?

ಪ್ರಶ್ನೆ (ಪುಣೆಯ ಕೋಥ್ರೂಡ್‌ನ ಸದಸ್ಯರಿಂದ)

ಮೇಡಂ, ನಮಸ್ಕಾರ. ಹವಾಮಾನದ ದತ್ತಾಂಶಗಳ ಜೊತೆ ಬಹಳ ಕಾಲ ಕೆಲಸ ಮಾಡಿದವರು ನೀವು, ಆದ್ದರಿಂದ ಕೇಳುತ್ತಿದ್ದೇನೆ. ಪುಣೆಯ ಶಿವಾಜಿನಗರದಲ್ಲಿ ಏಪ್ರಿಲ್ ತಿಂಗಳ ಅತಿ ಹೆಚ್ಚಿನ ಉಷ್ಣಾಂಶ 43.3 ಡಿಗ್ರಿ ಸೆಲ್ಸಿಯಸ್. ಅದು ದಾಖಲಾದದ್ದು 1897ರ ಏಪ್ರಿಲ್ 30ರಂದು. 2019ರ ಏಪ್ರಿಲ್ 28ರಂದು 43 ಡಿಗ್ರಿ ಮುಟ್ಟಿದಾಗಲೂ ಆ ದಾಖಲೆ ಹಾಗೆಯೇ ಉಳಿಯಿತು. ನಮ್ಮ ಸೊಸೈಟಿಯ ಹಿರಿಯರೊಬ್ಬರು ಇದನ್ನೇ ಮುಂದಿಟ್ಟು, ಕಾರುಗಳಾಗಲಿ ಇಷ್ಟೊಂದು ಕಾರ್ಖಾನೆಗಳಾಗಲಿ ಇಲ್ಲದ ಕಾಲದಲ್ಲೇ ಇಂಥ ಬಿಸಿಲಿತ್ತೆಂದ ಮೇಲೆ ಹವಾಗುಣ ಬದಲಾವಣೆಯ ಮಾತೆಲ್ಲ ಸುಳ್ಳು ಎಂದು ವಾದಿಸುತ್ತಾರೆ. ಇನ್ನೊಂದು ಕಡೆ, ಪತ್ರಿಕೆಗಳು ಪ್ರತಿ ಬೇಸಿಗೆಯಲ್ಲೂ ‘ಹತ್ತು ವರ್ಷಗಳಲ್ಲೇ ಅತ್ಯಂತ ಬಿಸಿ ದಿನ’ ಎಂದು ಬರೆದು ಅದನ್ನೇ ಹವಾಗುಣ ಬದಲಾವಣೆಯ ಸಾಕ್ಷಿಯೆಂದು ತೋರಿಸುತ್ತವೆ. ಯಾರ ಮಾತನ್ನು ನಂಬಬೇಕು?

ಉತ್ತರ

ನಮಸ್ಕಾರ. ಇಬ್ಬರ ತೀರ್ಮಾನಗಳು ಬೇರೆಬೇರೆಯಾದರೂ ಇಬ್ಬರ ದಾರಿಯೂ ಒಂದೇ, ಮತ್ತು ಆ ದಾರಿಯೇ ಸರಿಯಿಲ್ಲ. ಒಂದು ಊರಿನ ಒಂದು ದಿನದ ಅಂಕಿಯಿಂದ ಆ ಊರಿನ ದೀರ್ಘಕಾಲದ ಹವಾಗುಣವನ್ನು ಅಳೆಯಲು ಇಬ್ಬರೂ ಹೊರಟಿದ್ದಾರೆ. ನೂರು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಒಬ್ಬ ಏಳಡಿ ಎತ್ತರದ ಆಸಾಮಿ ಇದ್ದ ಎಂಬ ಸಂಗತಿಯಿಂದ, ಇಂದಿನ ಮಕ್ಕಳ ಸರಾಸರಿ ಎತ್ತರ ಹೆಚ್ಚಿದೆಯೋ ಇಲ್ಲವೋ ಎಂದು ಹೇಳಲು ಸಾಧ್ಯವಿಲ್ಲ. ಅದಕ್ಕೆ ಎಲ್ಲ ಮಕ್ಕಳನ್ನೂ ಅಳೆಯಲೇಬೇಕು.

ಮೊದಲು ಹಿರಿಯರ ವಾದವನ್ನು ನೋಡೋಣ. ಯಾವುದೇ ದಿನದ ಗರಿಷ್ಠ ಉಷ್ಣಾಂಶವು ಹಿನ್ನೆಲೆಯ ಹವಾಗುಣದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಆ ದಿನ ಗಾಳಿ ಯಾವ ದಿಕ್ಕಿನಿಂದ ಬೀಸಿತು, ಆಕಾಶದಲ್ಲಿ ಮೋಡವಿತ್ತೇ, ನೆಲದಲ್ಲಿ ತೇವವಿತ್ತೇ ಎಂಬ ಹಲವು ಸಂಗತಿಗಳು ಅದರಲ್ಲಿ ಸೇರಿಕೊಂಡಿರುತ್ತವೆ. ಈ ಪೈಕಿ ನೆಲದ ತೇವವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಮಣ್ಣಿನಲ್ಲಿ ನೀರಿದ್ದರೆ ಬಿಸಿಲಿನ ಶಕ್ತಿಯ ಒಂದು ಪಾಲು ಅದನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ಮಣ್ಣು ಒಣಗಿದ್ದರೆ ಆ ಪಾಲೂ ಗಾಳಿಯನ್ನೇ ಕಾಯಿಸುತ್ತದೆ. 1896ರಲ್ಲಿ ಮುಂಗಾರು ಕೈಕೊಟ್ಟು, ಪುಣೆ, ಸೊಲ್ಲಾಪುರ, ನಮ್ಮ ವಿಜಾಪುರದ ಸೀಮೆಗಳು 1896–97ರ ದೊಡ್ಡ ಕ್ಷಾಮಕ್ಕೆ ಸಿಕ್ಕಿದ್ದವು. ಹಾಗೆ ಒಣಗಿದ ನೆಲದ ಮೇಲೆ ಏಪ್ರಿಲ್ ಕೊನೆಯಲ್ಲಿ ನಿಚ್ಚಳ ಆಕಾಶವೂ ಬಡಗಣ ಒಣಗಾಳಿಯೂ ಕೂಡಿ ಬಂದರೆ, ಸರಾಸರಿ ಹವೆ ಈಗಿನದಕ್ಕಿಂತ ತಂಪಾಗಿದ್ದ ಕಾಲದಲ್ಲೂ 43 ಡಿಗ್ರಿ ದಾಟುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಪತ್ರಿಕೆಗಳ ವಾದ. ಹವಾಗುಣ ಒಂದಿಷ್ಟೂ ಬದಲಾಗದೆ ಇದ್ದರೂ ದಾಖಲೆಗಳು ಮುರಿಯುತ್ತಲೇ ಇರುತ್ತವೆ, ಮತ್ತು ಎಷ್ಟು ಮುರಿಯುತ್ತವೆ ಎಂಬುದಕ್ಕೆ ಸರಳವಾದ ಲೆಕ್ಕವಿದೆ. ಹತ್ತು ವರ್ಷಗಳ ಅಂಕಿಗಳಿದ್ದರೆ ಅವುಗಳಲ್ಲಿ ಕೊನೆಯದೇ ಅತಿ ದೊಡ್ಡದಾಗಿರುವ ಸಾಧ್ಯತೆ ಹತ್ತರಲ್ಲಿ ಒಂದು; ನೂರು ವರ್ಷಗಳಿದ್ದರೆ ನೂರರಲ್ಲಿ ಒಂದು. ಹೀಗೆ ಕೂಡಿಸುತ್ತಾ ಹೋದರೆ, ಬದಲಾಗದ ಹವಾಗುಣದಲ್ಲಿ ನೂರು ವರ್ಷಗಳ ಅವಧಿಗೆ ಸುಮಾರು ಐದು ದಾಖಲೆಗಳನ್ನು ನಿರೀಕ್ಷಿಸಬಹುದು. ಅವುಗಳಲ್ಲಿ ಸುಮಾರು ಮೂರು ಮೊದಲ ಹತ್ತು ವರ್ಷಗಳಲ್ಲೇ ಬಂದುಹೋಗುತ್ತವೆ, ಕೊನೆಯ ಹತ್ತು ವರ್ಷಗಳಲ್ಲಿ ಒಂದಾದರೂ ಬರುವ ಸಾಧ್ಯತೆ ಹತ್ತರಲ್ಲಿ ಒಂದರಷ್ಟು ಮಾತ್ರ. ಆದ್ದರಿಂದ ‘ಹತ್ತು ವರ್ಷಗಳಲ್ಲೇ ಗರಿಷ್ಠ’ ಎಂಬ ಸುದ್ದಿಗೆ ಸಾಕ್ಷ್ಯವಾಗಿ ಹೆಚ್ಚಿನ ಬೆಲೆಯಿಲ್ಲ. ಅದರ ಮೇಲೆ ಪುಣೆ, ಮುಂಬೈ, ನಾಸಿಕ್, ನಾಗಪುರ ಎಂದು ಊರುಗಳು ಹಲವು, ತಿಂಗಳು ಹನ್ನೆರಡು, ಗರಿಷ್ಠ ಕನಿಷ್ಠ ಎಂದು ಎರಡೆರಡು ಪಟ್ಟಿಗಳು. ಇಷ್ಟರಲ್ಲಿ ಎಲ್ಲಾದರೂ ಒಂದು ದಾಖಲೆ ಸಿಕ್ಕೇ ಸಿಗುತ್ತದೆ.

ಹಾಗೆಂದು ದಾಖಲೆಗಳು ಏನನ್ನೂ ಹೇಳುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಒಂಟಿ ದಾಖಲೆ ದುರ್ಬಲ, ಆದರೆ ಸಾವಿರಾರು ದಾಖಲೆಗಳ ಎಣಿಕೆ ಬಲವಾದ ಸಾಕ್ಷ್ಯ. ಹವಾಗುಣ ಸ್ಥಿರವಾಗಿದ್ದರೆ ಬಿಸಿಯ ದಾಖಲೆಗಳೂ ಚಳಿಯ ದಾಖಲೆಗಳೂ ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿ ಮುರಿಯಬೇಕು. ಅಮೆರಿಕದ ಕೇಂದ್ರಗಳ ದಿನವಹಿ ದಾಖಲೆಗಳನ್ನು ಹೀಗೆ ಎಣಿಸಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ ಪ್ರತಿ ಒಂದು ಚಳಿ ದಾಖಲೆಗೆ ಸುಮಾರು ಎರಡು ಬಿಸಿ ದಾಖಲೆಗಳು ಕಂಡುಬಂದವು. 1960 ಮತ್ತು 70ರ ದಶಕಗಳಲ್ಲಿ ಚಳಿಯ ದಾಖಲೆಗಳೇ ಹೆಚ್ಚಿದ್ದವು. ಗಾಳಿಯ ದಿಕ್ಕು, ಮೋಡ, ಬರ ಮುಂತಾದ ಸ್ಥಳೀಯ ಕಾರಣಗಳು ಇಂಥ ದೊಡ್ಡ ಎಣಿಕೆಯಲ್ಲಿ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ, ಕೊನೆಗೆ ಉಳಿಯುವುದು ಹಿನ್ನೆಲೆಯ ಹವಾಗುಣದ ಬದಲಾವಣೆಯೇ.

ನಮ್ಮ ದೇಶದ ಮಟ್ಟಿಗೆ ನೇರವಾದ ಉತ್ತರ ಸರಾಸರಿಯಲ್ಲಿದೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಂತೆ 1901ರಿಂದೀಚೆಗೆ 2024 ಅತ್ಯಂತ ಬಿಸಿಯ ವರ್ಷ. ಅದರ ಸರಾಸರಿ ಉಷ್ಣಾಂಶ 1991–2020ರ ವಾಡಿಕೆಗಿಂತ 0.65 ಡಿಗ್ರಿ ಹೆಚ್ಚಿತ್ತು. ಆ ವಾಡಿಕೆಯೇ ಈಗಾಗಲೇ ಬಿಸಿಯಾದ ಮೂವತ್ತು ವರ್ಷಗಳದ್ದು ಎಂಬುದನ್ನು ದಯವಿಟ್ಟು ಗಮನಿಸಿ. ಪುಣೆಯ ಪಾಷಾಣ್‌ನಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಿದ್ಧಪಡಿಸಿ ಕೇಂದ್ರ ಸರ್ಕಾರ 2020ರಲ್ಲಿ ಹೊರತಂದ ವರದಿಯ ಪ್ರಕಾರ, 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಇಷ್ಟೇನಾ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಸರಾಸರಿ ಸ್ವಲ್ಪ ಏರಿದರೂ ತೀರಾ ಬಿಸಿಯಾದ ದಿನಗಳ ಸಂಖ್ಯೆ ಬಹಳ ಹೆಚ್ಚುತ್ತದೆ. ವಿಶ್ವಸಂಸ್ಥೆಯ ಹವಾಗುಣ ಸಮಿತಿಯ ಆರನೆಯ ವರದಿಯ ಅಂದಾಜಿನಂತೆ, ಭೂಮಿ ಒಂದು ಡಿಗ್ರಿ ಬಿಸಿಯಾದಾಗ, ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ತೀವ್ರ ಬಿಸಿ ಸುಮಾರು 2.8 ಪಟ್ಟು, ಐವತ್ತು ವರ್ಷಕ್ಕೊಮ್ಮೆ ಬರುತ್ತಿದ್ದದ್ದು ಸುಮಾರು 4.8 ಪಟ್ಟು ಹೆಚ್ಚು ಸಲ ಬರುತ್ತದೆ.

ಪ್ರಶ್ನೆ (ಡೊಂಬಿವಲಿಯ ಸದಸ್ಯರಿಂದ)

ಮೇಡಂ, ಮುಂಬೈಯದೂ ಇದೇ ಕಥೆ. ಸಾಂತಾಕ್ರೂಜ್‌ನ ಗರಿಷ್ಠ ದಾಖಲೆ 42.2 ಡಿಗ್ರಿ, 1952ರ ಏಪ್ರಿಲ್ 14ರದ್ದು. ಮಾರ್ಚ್ ತಿಂಗಳ ದಾಖಲೆ 41.7 ಡಿಗ್ರಿ, 1956ರದ್ದು. ಆಗ ಅಲ್ಲಿ ಈಗಿನಷ್ಟು ಕಟ್ಟಡಗಳಿರಲಿಲ್ಲ. ಈಗ ಏರಿಕೆ ಕಾಣುತ್ತಿದ್ದರೆ ಅದು ಬರೀ ಕಾಂಕ್ರೀಟಿನಿಂದ ಆದದ್ದು ಎಂದೇಕೆ ಹೇಳಬಾರದು?

ಉತ್ತರ

ಒಳ್ಳೆಯ ಪ್ರಶ್ನೆ, ಇದನ್ನು ಎರಡಾಗಿ ಬಿಡಿಸಿ ನೋಡಬೇಕು. ಮುಂಬೈಯ ಮಾರ್ಚ್–ಏಪ್ರಿಲ್ ದಾಖಲೆಗಳಲ್ಲಿ ಮುಖ್ಯ ಪಾತ್ರ ಕಡಲಗಾಳಿಯದು. ಬೆಳಿಗ್ಗೆ ನೆಲದ ಕಡೆಯಿಂದ ಬೀಸುವ ಮೂಡಣ ಗಾಳಿ ಬಿಸಿಯಾಗಿಯೂ ಒಣದಾಗಿಯೂ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅರಬ್ಬೀ ಸಮುದ್ರದಿಂದ ಗಾಳಿ ಒಳಗೆ ಬಂದು ಏರಿಕೆಯನ್ನು ತಡೆಯುತ್ತದೆ. ಮೂಡಣ ಗಾಳಿ ಬಲವಾಗಿದ್ದು ಕಡಲಗಾಳಿ ಒಂದೆರಡು ತಾಸು ತಡವಾದರೂ ಸಾಕು, ಸಾಂತಾಕ್ರೂಜ್‌ನಲ್ಲಿ ಪಾದರಸ 40ರ ಆಚೆ ಹೋಗುತ್ತದೆ. ಮೂರು ಕಡೆ ನೀರಿರುವ ಕೊಲಾಬಾದಲ್ಲಿ ಅದೇ ದಿನ ಅಂಕಿ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಆದ್ದರಿಂದ ಒಂದು ದಿನದ ದಾಖಲೆ ಹೆಚ್ಚಾಗಿ ಕಡಲಗಾಳಿಯ ವೇಳೆಯನ್ನೇ ಹೇಳುತ್ತದೆ. ಕೊಲಾಬಾದ ಅಂಕಿಯನ್ನು ಸಾಂತಾಕ್ರೂಜ್‌ನ ಹಳೆಯ ದಾಖಲೆಯೊಂದಿಗೆ ಹೋಲಿಸುವುದೂ, ಪುಣೆಯಲ್ಲಿ ಕೋರೆಗಾಂವ್ ಪಾರ್ಕಿನ ಅಥವಾ ಲೋಹಗಾಂವ್‌ನ ಅಂಕಿಯನ್ನು ಶಿವಾಜಿನಗರದ ದಾಖಲೆಯೊಂದಿಗೆ ಹೋಲಿಸುವುದೂ ತಪ್ಪು. ಸುದ್ದಿಗಳಲ್ಲಿ ಈ ಬೆರಕೆಯನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ.

ಕಾಂಕ್ರೀಟಿನ ಪರಿಣಾಮ ನಿಜವಾದದ್ದೇ. ಕಟ್ಟಡಗಳೂ ಡಾಂಬರು ರಸ್ತೆಗಳೂ ಹಗಲು ಹೀರಿಕೊಂಡ ಶಾಖವನ್ನು ರಾತ್ರಿ ನಿಧಾನವಾಗಿ ಬಿಡುವುದರಿಂದ ನಗರಗಳಲ್ಲಿ ಮುಖ್ಯವಾಗಿ ಕನಿಷ್ಠ ಉಷ್ಣಾಂಶ ಏರುತ್ತದೆ. ದೇಶದಾದ್ಯಂತದ ಏರಿಕೆಗೆ ಅದೊಂದೇ ಕಾರಣವಾಗಿದ್ದರೆ ಗರಿಷ್ಠಕ್ಕಿಂತ ಕನಿಷ್ಠ ಉಷ್ಣಾಂಶ ಹೆಚ್ಚು ಏರಬೇಕಾಗಿತ್ತು. ಇಲಾಖೆಯ ಲೆಕ್ಕದಲ್ಲಿ ಆಗಿರುವುದು ಇದಕ್ಕೆ ವಿರುದ್ಧ: 1901ರಿಂದ 2024ರವರೆಗಿನ ಅವಧಿಯಲ್ಲಿ ಗರಿಷ್ಠ ಉಷ್ಣಾಂಶ ನೂರು ವರ್ಷಕ್ಕೆ 0.89 ಡಿಗ್ರಿಯ ಗತಿಯಲ್ಲಿ ಏರಿದ್ದರೆ ಕನಿಷ್ಠದ್ದು 0.46 ಡಿಗ್ರಿಯ ಗತಿಯಲ್ಲಿ ಏರಿದೆ. ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷಿ ಮುಂಬೈಯ ಎದುರಿಗೇ ಹರಡಿಕೊಂಡಿದೆ. ಕಡಲಿನ ಮೇಲೆ ಕಟ್ಟಡಗಳಿಲ್ಲ. ಆದರೂ 1951ರಿಂದ 2015ರ ನಡುವೆ ಹಿಂದೂ ಮಹಾಸಾಗರದ ಉಷ್ಣವಲಯ ಭಾಗದ ಮೇಲ್ಮೈ ನೀರು ಸರಾಸರಿ ಒಂದು ಡಿಗ್ರಿ ಬಿಸಿಯಾಗಿದೆ, ಜಗತ್ತಿನ ಸಾಗರಗಳ ಸರಾಸರಿ ಏರಿಕೆ ಇದೇ ಅವಧಿಯಲ್ಲಿ 0.7 ಡಿಗ್ರಿ. ನಗರದ ಶಾಖವನ್ನು ಲೆಕ್ಕದಿಂದ ತೆಗೆದುಹಾಕಿದರೂ ಏರಿಕೆ ಉಳಿಯುತ್ತದೆ. ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ ರಾತ್ರಿ ನಿದ್ದೆ ಬಾರದೆ ಹೊರಳಾಡುವವರಿಗೆ ಇವೆರಡೂ ಕೂಡಿಯೇ ಕಾಡುತ್ತವೆ ಎಂಬುದು ಬೇರೆ ಮಾತು.

ಪ್ರಶ್ನೆ (ಗೋವಾದ ಮಡಗಾಂವ್‌ನ ಸದಸ್ಯರಿಂದ)

ಮೇಡಂ, ನನ್ನ ಮೊಬೈಲಿನಲ್ಲಿ ಮೇ ತಿಂಗಳಲ್ಲಿ 42 ಎಂದು ತೋರಿಸುತ್ತದೆ. ಅದೇ ದಿನ ಪಣಜಿಯ ಗರಿಷ್ಠ 35 ಎಂದು ಪತ್ರಿಕೆಯಲ್ಲಿರುತ್ತದೆ. ದಾಖಲೆ ಎಂದರೆ ಯಾವುದು?

ಉತ್ತರ

ಪತ್ರಿಕೆಯದ್ದು ಅಳೆದ ಉಷ್ಣಾಂಶ. ಮೊಬೈಲಿನ 42 ಬಹುಮಟ್ಟಿಗೆ ‘ಅನುಭವಕ್ಕೆ ಬರುವ ಬಿಸಿ’ಯ ಅಂಕಿ, ಅಂದರೆ ಗಾಳಿಯ ತೇವಾಂಶವನ್ನೂ ಸೇರಿಸಿ ಲೆಕ್ಕ ಹಾಕಿದ್ದು. ಗೋವಾದಲ್ಲಿ ಮೇ ತಿಂಗಳ ತೇವದಿಂದ ಬೆವರು ಆರುವುದಿಲ್ಲ, ಆದ್ದರಿಂದ 35 ಡಿಗ್ರಿಯೂ ದೇಹಕ್ಕೆ ಅಪಾಯಕಾರಿಯಾಗಬಲ್ಲದು. ಆರೋಗ್ಯದ ದೃಷ್ಟಿಯಿಂದ ಆ ಅಂಕಿಯನ್ನು ಖಂಡಿತ ಗಮನಿಸಿ, ಆದರೆ ಹಳೆಯ ದಾಖಲೆಗಳೊಡನೆ ಅದನ್ನು ಹೋಲಿಸಬೇಡಿ. ಇದೇ ಕಾರಣಕ್ಕೆ ಬಿಸಿಗಾಳಿಯ ಘೋಷಣೆಗೆ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಬೇಕಾದರೆ ಕರಾವಳಿಯಲ್ಲಿ 37 ಸಾಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು ಎಂಬ ನಿಯಮವೂ ಇದೆ.

ಅಳೆಯುವ ಕ್ರಮದ ಬಗ್ಗೆಯೂ ಒಂದು ಮಾತು. ವೀಕ್ಷಣಾಲಯಗಳಲ್ಲಿ ಉಷ್ಣಮಾಪಕವನ್ನು ಬಿಸಿಲು ನೇರವಾಗಿ ತಾಗದಂತೆ, ಗಾಳಿಯಾಡುವ ಜಾಲಂದರದ ಬಿಳಿ ಪೆಟ್ಟಿಗೆಯಲ್ಲಿ, ತೆರೆದ ಜಾಗದಲ್ಲಿ ಇಡುತ್ತಾರೆ. ಕಾರಿನ ಡ್ಯಾಶ್‌ಬೋರ್ಡ್ ತೋರಿಸುವ 46 ಡಿಗ್ರಿಗೆ ಈ ಯಾವ ಕಟ್ಟುಪಾಡೂ ಇಲ್ಲ. ಸ್ವಯಂಚಾಲಿತ ಕೇಂದ್ರಗಳೂ ತಪ್ಪಬಹುದು. 2024ರ ಮೇ 29ರಂದು ದೆಹಲಿಯ ಮುಂಗೇಶಪುರದಲ್ಲಿ 52.9 ಡಿಗ್ರಿ ಎಂದು ಬಂದು, ದೇಶದ ದಾಖಲೆ ಮುರಿಯಿತೆಂದು ದಿನವಿಡೀ ಸುದ್ದಿಯಾಯಿತು. ಪರಿಶೀಲಿಸಿದಾಗ ಅಲ್ಲಿಯ ಸಂವೇದಕವೇ ಸುಮಾರು ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತೆಂದು ಇಲಾಖೆ ತಿಳಿಸಿತು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ಅಳೆದ 51 ಡಿಗ್ರಿಯೇ ದೇಶದ ದಾಖಲೆಯಾಗಿ ಉಳಿಯಿತು. ಹೊಸ ದಾಖಲೆಯ ಸುದ್ದಿ ಬಂದಾಗ ಪರಿಶೀಲನೆ ಮುಗಿಯುವವರೆಗೆ ಕಾಯುವುದು ಒಳ್ಳೆಯದು.

ಪ್ರಶ್ನೆ (ಕೋಥ್ರೂಡ್‌ನ ಸದಸ್ಯರಿಂದ ಮತ್ತೆ)

ಮೇಡಂ, ಬಹಳ ಉಪಕಾರವಾಯಿತು. ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ, ಕಾಲೇಜಿನ ಪ್ರಾಜೆಕ್ಟಿಗೆ ಇದೇ ವಿಷಯವನ್ನು ತೆಗೆದುಕೊಳ್ಳಬೇಕೆಂದಿದ್ದಾಳೆ. ಅವಳು ಏನನ್ನು ಲೆಕ್ಕ ಹಾಕಬೇಕು?

ಉತ್ತರ

ಬಹಳ ಸಂತೋಷ. ಪುಣೆಯಲ್ಲಿರುವುದೇ ಅವಳಿಗೆ ಅನುಕೂಲ: ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದಲೇ ಶಿವಾಜಿನಗರದ ಆ ಕಟ್ಟಡವನ್ನೂ ಚೌಕವನ್ನೂ ಜನ ಇಂದಿಗೂ ಸಿಮ್ಲಾ ಆಫೀಸ್ ಎನ್ನುತ್ತಾರೆ. ಕೇಂದ್ರ ಕಚೇರಿ ಆಮೇಲೆ ದೆಹಲಿಗೆ ಹೋದರೂ ದೇಶದ ಹವಾಮಾನ ದತ್ತಾಂಶದ ಭಂಡಾರ ಪುಣೆಯಲ್ಲೇ ಇದೆ. 1951ರಿಂದೀಚಿನ ದಿನವಹಿ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶಗಳನ್ನು ಒಂದೊಂದು ಡಿಗ್ರಿ ಅಕ್ಷಾಂಶ–ರೇಖಾಂಶದ ಚೌಕಗಳಾಗಿ ಅವರ ಜಾಲತಾಣದಲ್ಲಿ ಉಚಿತವಾಗಿ ಕೊಟ್ಟಿದ್ದಾರೆ. ಆ ಕಡತಗಳನ್ನು ತೆರೆಯಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಸ್ವಲ್ಪ ಬರಬೇಕು, ಅದನ್ನು ಈಗಿನ ಮಕ್ಕಳು ಬೇಗ ಕಲಿಯುತ್ತಾರೆ.

ಪುಣೆ ಇರುವ ಚೌಕವನ್ನು ತೆಗೆದುಕೊಂಡು 1951–1980ರ ಏಪ್ರಿಲ್ ಗರಿಷ್ಠಗಳ ಸರಾಸರಿಯನ್ನು 1991–2020ರ ಸರಾಸರಿಯೊಂದಿಗೆ ಹೋಲಿಸಲಿ. ಮೂವತ್ತು ವರ್ಷಗಳಿಗಿಂತ ಕಡಿಮೆಯಾದರೆ ಒಂದೆರಡು ಬರಗಾಲದ ವರ್ಷಗಳೇ ಫಲಿತಾಂಶವನ್ನು ಎಳೆದುಬಿಡುತ್ತವೆ. ಬಳಿಕ, ಮೊದಲ ಮೂವತ್ತು ವರ್ಷಗಳಲ್ಲಿ ನೂರಕ್ಕೆ ಹತ್ತು ದಿನಗಳು ಮಾತ್ರ ದಾಟುತ್ತಿದ್ದ ಮಟ್ಟವನ್ನು ಗುರುತಿಸಿ, ಕೊನೆಯ ಮೂವತ್ತರಲ್ಲಿ ಎಷ್ಟು ದಿನಗಳು ಅದನ್ನು ದಾಟಿವೆ ಎಂದು ಎಣಿಸಲಿ. ಪ್ರತಿ ವರ್ಷದ ಅತಿ ಬಿಸಿ ದಿನವನ್ನು ಮಾತ್ರ ಹಿಡಿದು ಗೆರೆ ಎಳೆಯುವುದು ಬೇಡ. ಅಲ್ಲಿ ಏರಿಳಿತ ಬಹಳ.

ಒಂದೇ ಚೌಕದ ಫಲಿತಾಂಶ ಅವಳ ನಿರೀಕ್ಷೆಗೆ ತಕ್ಕಂತೆ ಬಾರದೆ ಇರಬಹುದು. ಗಾಳಿಯಲ್ಲಿನ ಧೂಳು–ಹೊಗೆಯ ಕಣಗಳು ಬಿಸಿಲನ್ನು ತಡೆಯುತ್ತವೆ, ನೀರಾವರಿ ಹೆಚ್ಚಿದ ಕಡೆ ಹಗಲಿನ ಬಿಸಿ ತಗ್ಗುತ್ತದೆ. ಆದ್ದರಿಂದ ಏರಿಕೆ ಎಲ್ಲ ಕಡೆ, ಎಲ್ಲ ತಿಂಗಳಲ್ಲಿ ಒಂದೇ ಸಮನಾಗಿಲ್ಲ. ಬಂದದ್ದನ್ನು ಬಂದ ಹಾಗೆಯೇ ಬರೆಯಲು ಹೇಳಿ. ಆಮೇಲೆ ಕೊಂಕಣದಿಂದ ಮರಾಠವಾಡದವರೆಗಿನ ಅಕ್ಕಪಕ್ಕದ ಚೌಕಗಳಲ್ಲೂ ಇದೇ ಲೆಕ್ಕವನ್ನು ಮಾಡಿ, ಎಷ್ಟರಲ್ಲಿ ಏರಿಕೆಯಿದೆ, ಎಷ್ಟರಲ್ಲಿ ಇಳಿಕೆಯಿದೆ ಎಂದು ನಕ್ಷೆಯ ಮೇಲೆ ಗುರುತಿಸಲಿ. ಸೊಸೈಟಿಯ ಹಿರಿಯರಿಗೂ ಆ ನಕ್ಷೆಯನ್ನು ತೋರಿಸಿ. ಕಡತ ತೆರೆಯುವಲ್ಲಿ ತೊಡಕಾದರೆ ಅವಳು ಬರೆದಷ್ಟು ಸಾಲುಗಳನ್ನು ಇಲ್ಲಿಯೇ ಹಾಕಲಿ, ನಾನು ನೋಡಿ ಹೇಳುತ್ತೇನೆ.