ವಿಷಾನಿಲ ಮೀಟರಿನ ‘ಬಂಪ್ ಟೆಸ್ಟ್’, ‘ಝೀರೋ’, ‘ಸ್ಪ್ಯಾನ್’: ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೋಡಿಕೊಳ್ಳುವವರಿಗೆ ಒಂದು ಪುಟದ ಸೂಚನಾ ಹಾಳೆ ಸಿದ್ಧವಾಗುತ್ತಿದೆ. ಹೈಡ್ರೋಜನ್ ಸಲ್ಫೈಡ್ ಅಳೆಯುವ ಕೈ ಮೀಟರನ್ನು ಸ್ಥಳದಲ್ಲೇ ಕ್ಯಾಲಿಬ್ರೇಟ್ ಮಾಡುವ (ಸರಿಯಾದ ಅಂಕಿ ತೋರುವಂತೆ ಹೊಂದಿಸುವ) ಕ್ರಮ ಅದರಲ್ಲಿದೆ. ಮೂಲದಲ್ಲಿ ಬಂಪ್ ಟೆಸ್ಟ್, ಕ್ಯಾಲಿಬ್ರೇಷನ್ ಚೆಕ್, ಕ್ಯಾಲಿಬ್ರೇಷನ್ ಎಂದು ಮೂರು ಮಾತುಗಳಿವೆ. ಕರಡಿನಲ್ಲಿ ಮೂರಕ್ಕೂ ‘ಪರೀಕ್ಷೆ’ ಎಂದೇ ಬಂದಿದೆ. ‘ಮಾಪನಾಂಕ ನಿರ್ಣಯ’ ಹಾಕಿದರೆ ಓದುವವರಿಗೆ ತಲೆಬುಡ ತಿಳಿಯುವುದಿಲ್ಲ. ‘ಝೀರೋ’ಗೆ ‘ಶೂನ್ಯಗೊಳಿಸಿ’, ‘ಸ್ಪ್ಯಾನ್’ಗೆ ‘ಅವಧಿ’ ಅಂತ ಇದೆ. ಎರಡನೆಯದಂತೂ ತಪ್ಪು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:

ಮೇಡಂ, ನಾಮಪದ ಹುಡುಕುವುದು ಬಿಟ್ಟು ಕ್ರಿಯಾಪದ ಹಿಡಿಯಿರಿ. ಮೂರೂ ಬೇರೆ ಬೇರೆ ಕೆಲಸ. ಮೂರಕ್ಕೂ ಬಳಸುವುದು ಗೊತ್ತಾದ ಪ್ರಮಾಣದ ಗ್ಯಾಸ್ ತುಂಬಿದ ಒಂದೇ ಸಿಲಿಂಡರ್ ಆದ್ದರಿಂದ ಗೊಂದಲ.

ಬಂಪ್ ಟೆಸ್ಟ್‌ನಲ್ಲಿ ಗ್ಯಾಸ್ ತಾಗಿದಾಗ ಅಲಾರ್ಮ್ ಕೂಗುತ್ತದೆಯೇ, ದೀಪ ಮಿನುಗುತ್ತದೆಯೇ ಎಂದಷ್ಟೇ ನೋಡುತ್ತಾರೆ. ಬಳಸುವ ದಿನ, ಕೆಲಸಕ್ಕೆ ಮುಂಚೆ. ಅದಕ್ಕೆ ‘ಗ್ಯಾಸ್ ಕೊಟ್ಟು ನೋಡಿ’ ಸಾಕು. ಹುಡುಗರ ಬಾಯಲ್ಲೂ ಅದೇ ಇರುವುದು. ಕ್ಯಾಲಿಬ್ರೇಷನ್ ಚೆಕ್‌ನಲ್ಲಿ ಮೀಟರಿನ ಅಂಕಿಯನ್ನು ಸಿಲಿಂಡರಿನ ಮೇಲೆ ಬರೆದ ಅಂಕಿಯೊಡನೆ ‘ತಾಳೆ ನೋಡಬೇಕು’. 25 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 25 ಭಾಗ) ಸಿಲಿಂಡರಿಗೆ 22.5ರಿಂದ 27.5ರೊಳಗೆ ಬಂದರೆ ಸಾಮಾನ್ಯವಾಗಿ ಪಾಸು (ಶೇ. 10ರ ಲೆಕ್ಕ, ತಯಾರಕರ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ). ಈ ಎರಡರಲ್ಲೂ ಮೀಟರಿನೊಳಗೆ ಏನೂ ಬದಲಾಗುವುದಿಲ್ಲ. ಬದಲಾಗುವುದು ಮೂರನೆಯದರಲ್ಲಿ, ಅದು ‘ತಿದ್ದಿ ಕೂರಿಸುವುದು’. ಅಂಗಡಿ ತಕ್ಕಡಿಯ ವಿಷಯದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಬಳಸುವ ‘ಸತ್ಯಾಪನೆ’ ಎರಡನೆಯದಕ್ಕೆ ಹತ್ತಿರದ ಮಾತು, ಆದರೆ ಈ ಹಾಳೆಗೆ ಭಾರವಾಯಿತು. ‘ಕ್ಯಾಲಿಬ್ರೇಷನ್’ ಶೀರ್ಷಿಕೆಯಲ್ಲಿ ಹಾಗೇ ಇರಲಿ. ಮೀಟರಿಗೆ ಅಂಟಿಸಿದ ಸ್ಟಿಕ್ಕರಿನಲ್ಲೂ ಅದೇ ಇರುತ್ತದೆ.

‘ಶೂನ್ಯಗೊಳಿಸಿ’ ಮಾತ್ರ ದಯವಿಟ್ಟು ತೆಗೆಯಿರಿ. ಎಲ್ಲಿದ್ದರೂ ಬಟನ್ ಒತ್ತಿ ಅಂಕಿ ಅಳಿಸಿ ಎಂಬ ಅರ್ಥ ಬರುತ್ತದೆ, ಅಪಾಯ ಇರುವುದೂ ಅದರಲ್ಲೇ. ಟ್ಯಾಂಕಿನ ಪಕ್ಕದ ಗಾಳಿಯಲ್ಲಿ ಆಗಲೇ 4 ಪಿಪಿಎಂ ಇದೆ ಅಂದುಕೊಳ್ಳಿ. ಅಲ್ಲೇ ನಿಂತು ಝೀರೋ ಒತ್ತಿದರೆ ಆ 4 ಸೊನ್ನೆಯಾಗುತ್ತದೆ. ಆಮೇಲೆ 25ರ ಗ್ಯಾಸ್ ಕೊಟ್ಟಾಗ ಮೀಟರಿಗೆ ಕಾಣುವುದು 21; ಅದನ್ನು 25ಕ್ಕೆ ಎಳೆದು ಕೂರಿಸುತ್ತದೆ. ಮತ್ತೆ ಅದೇ ಗ್ಯಾಸ್ ಕೊಟ್ಟರೆ ಸರಿಯಾಗಿ 25 ತೋರುವುದರಿಂದ ತಾಳೆ ನೋಡಿದರೂ ತಪ್ಪು ಸಿಗದು. ಆದರೆ ಗುಂಡಿಯಲ್ಲಿ ನಿಜವಾಗಿ 12 ಇದ್ದಾಗ ಸುಮಾರು 9.5 ತೋರುತ್ತದೆ. 10ಕ್ಕೆ ಇಟ್ಟ ಅಲಾರ್ಮ್ ಕೂಗುವುದಿಲ್ಲ. ಹಾಗಾಗಿ ‘ಶುದ್ಧ ಗಾಳಿಯಲ್ಲಿ ಸೊನ್ನೆಗೆ ಕೂರಿಸಿ’ ಎಂದು ಜಾಗವನ್ನೂ ಕ್ರಿಯೆಯನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿ. ನಮ್ಮಲ್ಲಿ ಎಸ್‌ಟಿಪಿ ಬಹಳ ಕಡೆ ಬೇಸ್‌ಮೆಂಟಿನಲ್ಲೇ ಇರುವುದರಿಂದ ‘ಟೆರೇಸಿಗೆ ಹೋಗಿ’ ಎಂದೇ ಬರೆದರೂ ತಪ್ಪಿಲ್ಲ. ಕಾರ್ಬನ್ ಮಾನಾಕ್ಸೈಡ್ ಸೆನ್ಸರೂ ಇದ್ದರೆ ಪಾರ್ಕಿಂಗ್, ಜನರೇಟರ್, ರಸ್ತೆಬದಿ ಯಾವುದೂ ಆಗದು. ಟೆರೇಸೂ ಅನುಮಾನ ಎನಿಸಿದರೆ ಝೀರೋ ಏರ್ (ಶುದ್ಧ ಗಾಳಿ ತುಂಬಿದ) ಸಿಲಿಂಡರ್ ಇದೆ.

‘ಸ್ಪ್ಯಾನ್’ಗೆ ಪದವೇ ಬೇಡ. ಗೊತ್ತಾದ ಗ್ಯಾಸ್ ಕೊಟ್ಟು ಅಂಕಿ ಹೊಂದಿಸುವುದೇ ಅದು. ‘ಸಿಲಿಂಡರಿನ ಅಂಕಿಗೆ ಕೂರಿಸಿ’ ಎನ್ನಿ. ಸೊನ್ನೆ ಮೊದಲು, ಇದು ಆಮೇಲೆ, ತಿರುವುಮುರುವು ಆಗಬಾರದು.

ಉತ್ತರ 2:

ಮೇಲಿನದಕ್ಕೆ ಒಪ್ಪಿಗೆ. ಕರಡಿನ ಇನ್ನೂ ಕೆಲವು ಪದಗಳ ಬಗ್ಗೆ.

‘ನಳಿಕೆ’ ಅಂದರೆ ಕೈಗೆ ಸಿಕ್ಕ ರಬ್ಬರ್ ಪೈಪ್ ಚುಚ್ಚುತ್ತಾರೆ. ರಬ್ಬರ್ ಹೈಡ್ರೋಜನ್ ಸಲ್ಫೈಡನ್ನು ಹೀರಿಕೊಳ್ಳುತ್ತದೆ. ಸೆನ್ಸರಿಗೆ ತಲುಪುವುದು ಕಡಿಮೆ, ಅದನ್ನೇ 25 ಎಂದು ಕೂರಿಸಿದರೆ ಆಮೇಲೆ ಮೀಟರ್ ಹೆಚ್ಚು ತೋರಿಸಿ ಸುಮ್ಮಸುಮ್ಮನೆ ಕೂಗುತ್ತದೆ. ನಾಲ್ಕು ಸಲ ಸುಳ್ಳು ಕೂಗಿದ ಮೀಟರನ್ನು ಆಫ್ ಮಾಡಿ ಜೇಬಿಗೆ ಹಾಕುವುದು ಎಲ್ಲ ಕಡೆ ಇರುವ ಕಥೆ. ‘ಕಿಟ್‌ನಲ್ಲಿ ಬಂದ ಟ್ಯೂಬನ್ನೇ, ಆದಷ್ಟು ಗಿಡ್ಡಕ್ಕೆ’ ಎಂದು ಬರೆಯಿರಿ.

‘ಸ್ಥಿರತೆ ಪಡೆದ ನಂತರ’ ಬೇಡ, ‘ಅಂಕಿ ನಿಲ್ಲುವ ತನಕ’ ಸಾಕು. ಸಾಧಾರಣವಾಗಿ ಒಂದೆರಡು ನಿಮಿಷ ಹಿಡಿಯುತ್ತದೆ. ‘ಒತ್ತಡ’ ಎಂದಿರುವ ಕಡೆ ನಿಜಕ್ಕೂ ಬೇಕಿರುವುದು ‘ಹರಿವು’: ರೆಗ್ಯುಲೇಟರ್ ಮೇಲೆ ನಿಮಿಷಕ್ಕೆ 0.5 ಲೀಟರ್ ಎಂಬಂತೆ ಬರೆದಿರುತ್ತದೆ, ಅದು ಮೀಟರಿನ ಕೈಪಿಡಿಗೆ ಹೊಂದಬೇಕು. ಸಿಲಿಂಡರಿನ ಗೇಜು ತೋರಿಸುವುದು ಒಳಗೆ ಎಷ್ಟು ಗ್ಯಾಸ್ ಉಳಿದಿದೆ ಎಂಬುದನ್ನು ಮಾತ್ರ. ಟೆರೇಸಿನಲ್ಲಿ ಗಾಳಿ ಜೋರಾಗಿದ್ದರೆ ಸೆನ್ಸರಿನ ಮೇಲೆ ಕೂರಿಸುವ ಕ್ಯಾಲಿಬ್ರೇಷನ್ ಕಪ್ಪಿನ ಸಂದಿಯಿಂದ ಹೊರಗಿನ ಗಾಳಿ ಬೆರೆತು ಅಂಕಿ ಕೆಳಗೇ ನಿಲ್ಲುತ್ತದೆ. ಗೋಡೆಯ ಮರೆಗೆ ಬನ್ನಿ ಅಂತ ಒಂದು ಮಾತು ಸೇರಿಸಿ.

‘ಅವಧಿ’ಗೆ ಹಾಳೆಯಲ್ಲಿ ಸರಿಯಾದ ಜಾಗ ಇದೆ: ‘ಅವಧಿ ಮುಗಿದ ಸಿಲಿಂಡರ್ ಬಳಸಬೇಡಿ’. ಒಳಗೆ ಗ್ಯಾಸ್ ತುಂಬಿದ್ದರೂ ಹೈಡ್ರೋಜನ್ ಸಲ್ಫೈಡಿನ ಪ್ರಮಾಣ ಕಾಲಕ್ರಮದಲ್ಲಿ ಇಳಿಯುತ್ತದೆ, ಮೇಲೆ ಬರೆದ 25 ಆಗ 25 ಅಲ್ಲ.

ಕೊನೆಯ ಸಾಲಿನ ‘ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು ಒಳಗೆ ಇಳಿಯಿರಿ’ ಭಾಷೆಯ ತಪ್ಪಲ್ಲ, ವಿಷಯದ ತಪ್ಪು, ಪೂರ್ತಿ ಹೊಡೆದುಹಾಕಿ. 100 ಪಿಪಿಎಂ ಆಸುಪಾಸಿನಲ್ಲಿ ಮೂಗೇ ಮರಗಟ್ಟಿ ವಾಸನೆ ತಿಳಿಯದೆ ಹೋಗುತ್ತದೆ. ಅದರ ಜಾಗದಲ್ಲಿ: ‘ವಾಲ್ವ್ ಮುಚ್ಚಿ, ಕಪ್ ತೆಗೆಯಿರಿ. ಅಂಕಿ ಸೊನ್ನೆಗೆ ಇಳಿಯದಿದ್ದರೆ ಆ ಮೀಟರ್ ಬಳಸಬೇಡಿ.’