15 ವರ್ಷದ ಮಲಮಗಳಿಗೆ ಬುದ್ಧಿ ಹೇಳೋದು ಯಾರ ಕೆಲಸ?

ಮಳೆಹನಿ:
ಮದುವೆಯಾಗಿ ಒಂದೂವರೆ ವರ್ಷ. ಯಜಮಾನರ ಮಗಳಿಗೆ ಈಗ 15. ಹೆತ್ತ ತಾಯಿ ಬೇರೆ ಊರಲ್ಲಿದ್ದಾರೆ, ಫೋನ್ ಮಾಡ್ತಿರ್ತಾರೆ. ನಾನು ಹಾಲ್‌ಗೆ ಬಂದರೆ ಇವಳು ಎದ್ದು ಹೋಗ್ತಾಳೆ. ಮೊನ್ನೆ ರಾತ್ರಿ 1 ಗಂಟೆಯಾದರೂ ಮೊಬೈಲ್ ಹಿಡಿದಿದ್ದಳು ಅಂತ ಗದರಿಸಿದೆ. "ನೀವು ನನ್ನ ಅಮ್ಮ ಅಲ್ಲ" ಅಂದಳು. ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಆ ಮಾತಿಗಿಂತ ಅವರ ಮೌನವೇ ಹೆಚ್ಚು ಚುಚ್ಚಿತು. ನಾನಿನ್ನು ಸುಮ್ಮನಿದ್ದುಬಿಡಬೇಕಾ?

ಹಳೇ ಮೇಷ್ಟ್ರು:
ಸುಮ್ಮನಿದ್ದರೆ ಸದರ ಆಗ್ತೀರಮ್ಮ. ಒಂದೇ ಸೂರಿನಡಿ ಇರೋ ದೊಡ್ಡವರ ಮಾತು ಮಕ್ಕಳು ಕೇಳಬೇಕು. ಇವತ್ತು ಬಿಟ್ಟರೆ ನಾಳೆ ಹಿಡಿಯೋಕಾಗಲ್ಲ.

ಜತೆಗಾರ:
ಮೇಷ್ಟ್ರೇ, ಕ್ಷಮಿಸಿ, ನಾನು ಒಪ್ಪಲ್ಲ. ನಾನು ಮಲತಂದೆ. ಹುಡುಗನಿಗೆ 13 ಇದ್ದಾಗ ಅವನ ಮಾರ್ಕ್ಸ್ ಕಾರ್ಡ್ ಕೈಗೆತ್ತಿಕೊಂಡು ಪಾಠ ಶುರುಮಾಡಿದೆ. ಎರಡು ವರ್ಷ ನನ್ನ ಮುಖ ನೋಡಲಿಲ್ಲ. ಆಮೇಲೆ ಅವನನ್ನ ಬೆಳಿಗ್ಗೆ ಈಜು ತರಬೇತಿಗೆ ಬಿಟ್ಟು ಬರೋ ಕೆಲಸ ಒಪ್ಪಿಕೊಂಡೆ. ಎದುರು ಕೂತರೆ ಬಾಯಿ ಬಿಡದವನು ಕಾರಲ್ಲಿ ಪಕ್ಕ ಕೂತಾಗ ಒಂದೊಂದೇ ಮಾತು ಆಡಿದ. ಗ್ಯಾನಾಂಗ್ ಮತ್ತು ಕೋಲ್ಮನ್ ಎಂಬ ಸಂಶೋಧಕರು ಇಂಥ ಕುಟುಂಬಗಳನ್ನೇ ಕಂಡು ಮಾತಾಡಿಸಿದ್ದರು. ಮಗುವಿಗೆ ಇಷ್ಟವಾದದ್ದನ್ನ, ಇಬ್ಬರೇ ಇದ್ದು, ಜೊತೆಗೆ ಮಾಡಿದವರಿಗೆ ಮಕ್ಕಳು ಹತ್ತಿರವಾಗಿದ್ದರು. ನಾನು ಮೊದಲು ಅವನನ್ನ ಕರೆದದ್ದೆಲ್ಲ ನನಗಿಷ್ಟವಾದ ಕಡೆಗೇ.

ಎರಡು ಮನೆ:
ನಾನು ಆ ಹುಡುಗಿ ಜಾಗದಲ್ಲಿದ್ದವಳು. ಚಿಕ್ಕಮ್ಮ ಕೆಟ್ಟವರೇನಲ್ಲ, ಅದೇ ಕಷ್ಟವಾಗಿತ್ತು. ಅವರ ಮಾತಿಗೆ ನಕ್ಕ ದಿನ ಅಮ್ಮನ ಫೋನ್ ಬಂದರೆ ಏನೋ ಕದ್ದು ಸಿಕ್ಕಿಬಿದ್ದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ನಗೋದನ್ನೇ ಬಿಟ್ಟೆ. ಒಂದಿನ ಅವರೇ ಬಂದು, "ನಿನ್ನಮ್ಮನ ಜಾಗ ಖಾಲಿ ಇಲ್ಲ, ನನಗದು ಬೇಕಾಗೂ ಇಲ್ಲ" ಅಂದರು. ಅಷ್ಟೇ ಹೇಳಿ ಹೋದರು. ಕೂಡಲೇ ಏನೂ ಬದಲಾಗಲಿಲ್ಲ. ಹಾಸ್ಟೆಲ್‌ನಲ್ಲಿ ಜ್ವರ ಬಂದಾಗ ನಾನು ಮೊದಲು ಫೋನ್ ಮಾಡಿದ್ದು ಅವರಿಗೆ. ಆಗ ನನಗೆ 20.

ಹಳೇ ಮೇಷ್ಟ್ರು:
ಕಣ್ಣಲ್ಲಿ ನೀರು ಬಂತು ತಾಯಿ. ಆದರೂ ಕೇಳ್ತೀನಿ: ಅಲ್ಲಿವರೆಗೆ ಈಕೆ ಸ್ವಂತ ಮನೆಯಲ್ಲೇ ಅತಿಥಿಯ ಹಾಗಿರಬೇಕಾ?

ಜತೆಗಾರ:
ಖಂಡಿತ ಬೇಡ. ನಿಯಮ ಇರಲಿ, ಅದನ್ನ ತಂದೆ ಹೇಳಲಿ. ಅವರಿಲ್ಲದಾಗ ಈಕೆ "ಅಪ್ಪ ಹೇಳಿದ್ದು 10 ಗಂಟೆಗೆ" ಅಂತ ನೆನಪಿಸಿದರೆ ಸಾಕು. ಇಂಥ ಕುಟುಂಬಗಳ ಬಗ್ಗೆ ದಶಕಗಳಿಂದ ಕೆಲಸ ಮಾಡಿರುವ ಪೆಟ್ರೀಷಿಯಾ ಪೇಪರ್ನೌ ಕೂಡ ಇದನ್ನೇ ಹೇಳ್ತಾರೆ, ಮೊದಲು ನಂಟು, ತಿದ್ದೋದು ಆಮೇಲೆ. ಬೇಗ ಕೂಡಿಕೊಂಡ ಮನೆಗಳಿಗೇ ಸುಮಾರು 4 ವರ್ಷ ಹಿಡಿದದ್ದನ್ನ ಅವರು ಕಂಡಿದ್ದಾರೆ. ಒಂದೂವರೆ ವರ್ಷಕ್ಕೆ ಸೋತೆ ಅನ್ಕೋಬೇಡಿ ಮೇಡಂ. ಮತ್ತೆ ಆವತ್ತು ತಲೆ ತಗ್ಗಿಸಿ ಕೂತರಲ್ಲ, ಈಗ ಎದ್ದು ನಿಲ್ಲಬೇಕಾದವರು ಅವರು.

ಮಳೆಹನಿ:
ಇದನ್ನೆಲ್ಲ ಯಜಮಾನರಿಗೆ ಓದಿಸಿದೆ. ಮೊಬೈಲ್ ವಿಷಯ ತಾವೇ ಮಾತಾಡ್ತೀನಿ ಅಂದರು. ಮೇಷ್ಟ್ರೇ, ನನ್ನ ಮುಖಕ್ಕೆ ಬಾಗಿಲು ಬಡಿಯಬಾರದು, ಅದೊಂದು ನಾನು ಬಿಡಲ್ಲ. ಅದನ್ನೂ ಅವರಿಂದಲೇ ಹೇಳಿಸ್ತೀನಿ. ಅವಳು ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಚಿತ್ರ ಬಿಡಿಸ್ತಿರ್ತಾಳಂತೆ, ನನಗೆ ಗೊತ್ತೇ ಇರಲಿಲ್ಲ. ಅದನ್ನ ತೋರಿಸು ಅಂತ ಕೇಳೋಕೆ ಇನ್ನೂ ಧೈರ್ಯ ಬಂದಿಲ್ಲ. ಭಾನುವಾರ ಕೇಳ್ತೀನಿ.