ಪದಚರ್ಚೆ: ಶಿಕ್ಷೆ ಕೊಟ್ಟ ಕೋರ್ಟಿಗೇ ಹೋಗುವ ಅರ್ಜಿಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಅಮೆರಿಕದ ಒಂದು ಮೊಕದ್ದಮೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಕೈ ನಿಂತಿದೆ.

ಅಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿನಡಿ ಜೈಲು ಸೇರಿದವರು, ಮೇಲ್ಮನವಿ ಮುಗಿದ ಮೇಲೂ, ‘ನನಗೆ ಕೊಟ್ಟ ಶಿಕ್ಷೆ ಕಾನೂನಿಗೆ ವಿರುದ್ಧ’ ಎಂದು ಇನ್ನೊಂದು ಅರ್ಜಿ ಹಾಕಬಹುದು. 1948ರಲ್ಲಿ ಬಂದ ಸೆಕ್ಷನ್ 2255 ಇದಕ್ಕೆ ದಾರಿ. ‘ಮೋಷನ್ ಟು ವೆಕೇಟ್, ಸೆಟ್ ಅಸೈಡ್ ಆರ್ ಕರೆಕ್ಟ್ ಸೆಂಟೆನ್ಸ್’ ಅಂತ ಅದರ ಹೆಸರು.

ಮೊದಲು ‘ಮೇಲ್ಮನವಿ’ ಅಂತ ಬರೆದೆ. ಆದರೆ ಮೇಲ್ಮನವಿ ಮೇಲಿನ ಕೋರ್ಟಿಗೆ ಹೋಗುವುದು, ಅಲ್ವಾ? ಇದು ಹೋಗುವುದು ಶಿಕ್ಷೆ ಕೊಟ್ಟ ಕೋರ್ಟಿಗೇ. ‘ಹೇಬಿಯಸ್ ಕಾರ್ಪಸ್’ ಅನ್ನೋಣವೆಂದರೆ, ನಮ್ಮ ಓದುಗರಿಗೆ ಕಾಣೆಯಾದವರನ್ನು ಕೋರ್ಟಿಗೆ ಕರೆತರುವ ಅರ್ಜಿ ನೆನಪಾಗುತ್ತದೆ.

‘ಶಿಕ್ಷೆ’ಯದೂ ತೊಡಕೇ. ನಾನು ಬರೆಯುತ್ತಿರುವುದು ಗ್ರೆಗರಿ ವೆಲ್ಚ್ ಪ್ರಕರಣ. ಹಿಂದೆ ಅಪರಾಧ ಸಾಬೀತಾದವರು ಬಂದೂಕು ಇಟ್ಟುಕೊಂಡರೆ ಆಗ ಹೆಚ್ಚೆಂದರೆ 10 ವರ್ಷ. ಹಿಂಸೆಯ ಅಥವಾ ಗಂಭೀರ ಮಾದಕವಸ್ತುವಿನ ಅಪರಾಧ ಮೂರಿದ್ದರೆ ಮಾತ್ರ ಕನಿಷ್ಠ 15. ವೆಲ್ಚ್‌ಗೆ ಈ 15 ಬಿತ್ತು. ಲೆಕ್ಕಕ್ಕೆ ಹಿಡಿದದ್ದರಲ್ಲಿ ಫ್ಲಾರಿಡಾದ ಒಂದು ದರೋಡೆಯೂ ಸೇರಿತ್ತು: ಬಾಯಿಗೆ ಗುದ್ದಿ, ಕೈಯಲ್ಲಿದ್ದ ಚಿನ್ನದ ಬ್ರೇಸ್‌ಲೆಟ್ ಕಿತ್ತುಕೊಂಡರೆಂಬ ದೂರು. 2015ರ ಜೂನ್‌ನಲ್ಲಿ, ಜಾನ್ಸನ್ ಪ್ರಕರಣದಲ್ಲಿ, ‘ಹಿಂಸೆಯ ಅಪರಾಧ’ ಯಾವುದೆಂದು ಹೇಳುವ ಒಂದು ಸಾಲು ತೀರಾ ಅಸ್ಪಷ್ಟ ಎಂದು ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. 2016ರ ಏಪ್ರಿಲ್‌ನಲ್ಲಿ, ವೆಲ್ಚ್ ಅರ್ಜಿಯ ಮೇಲೆ, ಆ ತೀರ್ಪು ಹಳೆಯ ಪ್ರಕರಣಗಳಿಗೂ ಅನ್ವಯ ಎಂದಿತು. ಅವರ ವರ್ಷಗಳನ್ನು ತಾನೇ ಕಡಿಮೆ ಮಾಡಲಿಲ್ಲ. ಪ್ರಕರಣವನ್ನು ಕೆಳಗೆ ವಾಪಸು ಕಳಿಸಿತು.

ಇಲ್ಲಿ ಬಂದೂಕಿನ ತಪ್ಪು ತಪ್ಪಾಗಿಯೇ ಉಳಿದಿದೆ. ಜಗಳ ಇರುವುದು ವರ್ಷಗಳ ಬಗ್ಗೆ. ‘ಶಿಕ್ಷೆ ರದ್ದು ಕೋರಿ’ ಎಂದು ಬರೆದರೆ ಓದುಗರು ‘ಓಹೋ, ನಿರಪರಾಧಿ ಅಂತಿದ್ದಾನೆ’ ಅಂದುಕೊಳ್ಳುತ್ತಾರೆ. ಅದಕ್ಕೇ ನನಗೆ ‘ಸಜೆ’ ಹಿಡಿಸಿದೆ. ಸಾದಾ ಸಜೆ, ಕಠಿಣ ಸಜೆ, ಸಜಾ ಬಂಧಿ ಅಂತ ನಮ್ಮಲ್ಲಿ ಬಳಕೆ ಇದ್ದೇ ಇದೆ. ಸಜೆ ಅಂದ ಕೂಡಲೇ ಜೈಲಿನಲ್ಲಿ ಕಳೆಯುವ ಕಾಲ ಕಣ್ಣಮುಂದೆ ಬರುತ್ತದೆ.

ಇನ್ನು ಅರ್ಜಿಯ ಇಂಗ್ಲಿಷ್ ಹೆಸರಿನಲ್ಲಿರುವ ಮೂರು ಕ್ರಿಯಾಪದಗಳು: ವೆಕೇಟ್ (ತೆರವು), ಸೆಟ್ ಅಸೈಡ್ (ಬದಿಗಿಡು), ಕರೆಕ್ಟ್ (ತಿದ್ದು). ‘ತೆರವು’ ಅಂದರೆ ಒತ್ತುವರಿ, ತಡೆಯಾಜ್ಞೆ. ‘ಬದಿಗಿಡು’ ಅಂದರೆ ಆಮೇಲೆ ನೋಡೋಣ ಎಂಬ ಅರ್ಥ ಬಂದುಬಿಡುತ್ತದೆ, ಅದಂತೂ ಬೇಡವೇ ಬೇಡ. ಎರಡಕ್ಕೂ ‘ರದ್ದು’ ಒಂದೇ ಸಾಕು. ಮೂರನೆಯದಕ್ಕೆ ‘ತಿದ್ದು’. ‘ತಿದ್ದುಪಡಿ’ ಅಂದರೆ ಕಾಯ್ದೆಯದ್ದು ಅನ್ನಿಸುತ್ತದೆ.

ಸುಲಭದ ಪದಕ್ಕೆ ಹಟ ಹಿಡಿಯಲು ಕಾರಣವಿದೆ. ಈ ಅರ್ಜಿಗೆ ಒಂದು ಅಚ್ಚಿನ ಫಾರಂ ಇದೆ. ವಕೀಲರಿಲ್ಲದ ಖೈದಿ ಅದನ್ನು ತಾನೇ ತುಂಬಿ ಜೈಲಿನ ಟಪಾಲಿಗೆ ಹಾಕಬಹುದು. ವಾದ ಮಾಡಬೇಡಿ, ಕಾನೂನು ಉದಾಹರಿಸಬೇಡಿ, ನಡೆದದ್ದನ್ನಷ್ಟೇ ಬರೆಯಿರಿ ಎಂದು ಅದರಲ್ಲೇ ಹೇಳಿದೆ. ಅಂಥ ಕಾಗದಕ್ಕೆ ‘ದಂಡನಾದೇಶ ನಿರಸನ ಪ್ರಸ್ತಾವ’ ಎಂದು ಹೆಸರಿಡಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ‘ಸಜೆ ತಕರಾರು ಅರ್ಜಿ’ ಅಂತ ಇಟ್ಟುಕೊಂಡಿದ್ದೇನೆ. ಆದರೆ ನಮ್ಮ ಕೋರ್ಟುಗಳಲ್ಲಿ ‘ತಕರಾರು’ ಎದುರು ಪಕ್ಷದವರು ಸಲ್ಲಿಸುವಂಥದ್ದು. ಕೋರ್ಟಿನ ಕನ್ನಡ ಬಲ್ಲವರು ಹೇಳಿ: ಇದು ಗೊಂದಲ ಮಾಡುತ್ತದೆಯೇ? ‘ಸಜೆ ಪ್ರಶ್ನೆ ಅರ್ಜಿ’ ವಾಸಿಯೇ?